ಹಡಗಿನ ಪ್ರವಾಸ, ಒಂದು ವಿಮೆ ಮತ್ತು ವಿಜ್ಞಾನೇಶ್ವರ

ಸಿಂಗಪುರದಲ್ಲಿರುವ ನನ್ನ ಮಗಳು ಈ ಸಲ ನಮ್ಮಿಬ್ಬರನ್ನೂ ಹಡಗಿನಲ್ಲಿ ಕೂಡ್ರಿಸಿಯೇ ತೀರುವೆನೆಂದು ಹಟ ಹಿಡಿದಿದ್ದಾಳೆ. ಸಿಂಗಪುರದಿಂದ ಹೊರಟು, ಮಲಾಕ್ಕಾ ಜಲಸಂಧಿಯಲ್ಲಿ ಸಾಗಿ, ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಹಿಂದಿರುಗುವ ಐದು ದಿನಗಳ ವಿಹಾರವದು. ಟಿಕೆಟ್ಟುಗಳನ್ನು ಅವಳೇ ತೆಗೆಸಿದ್ದಾಳೆ. ನಮ್ಮ ಪಾಲಿಗೆ ಉಳಿದದ್ದು ಒಂದೇ ಪ್ರಶ್ನೆ: ಪ್ರವಾಸ ವಿಮೆ ಮಾಡಿಸಬೇಕೋ ಬೇಡವೋ? ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವುದಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆ ಇಲ್ಲದವರಿಗೆ ಅಲ್ಲಿಯ ವೀಸಾ ದೊರೆಯುವುದಿಲ್ಲ. ನಮ್ಮ ಪ್ರವಾಸಕ್ಕೆ ಅಂತಹ ಕಟ್ಟಳೆಯಿಲ್ಲ. ಆದ್ದರಿಂದ ನಿರ್ಧಾರ ನಮ್ಮದೇ.

ನನ್ನ ಮನೆಯವಳು ಒಂದೇ ಮಾತಿನಲ್ಲಿ ಮುಗಿಸಿದಳು. "ಶ್ರೀಶೈಲಕ್ಕ ನಡಕೋತ ಹೋದಾಗ ಯಾವ ವಿಮಾ ಮಾಡಿಸಿದ್ರಿ? ಮಲ್ಲಯ್ಯ ಕರಕೊಂಡ ಹೋದ, ಕರಕೊಂಡ ಬಂದ."

ಇದಕ್ಕೆ ಥಟ್ಟನೆ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ವರ್ಗಾವಣೆಯಾಗುತ್ತ ಇತಿಹಾಸ ಪಾಠ ಮಾಡಿದವನು ನಾನು. ಪ್ರಶ್ನೆ ಯಾವುದೇ ಇರಲಿ, ಒಂದು ಸಾವಿರ ವರ್ಷ ಹಿಂದಕ್ಕೆ ಹೋಗಿ ನೋಡಿ ಬಾರದೆ ನನಗೆ ಸಮಾಧಾನವಿಲ್ಲವೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. ನೀವು ಅಂದು ಹಿಂದಿನ ಬೆಂಚಿನಲ್ಲಿ ಕುಳಿತು ಆಕಳಿಸುತ್ತಿದ್ದುದೂ ನನಗೆ ನೆನಪಿದೆ. ಈಗಲೂ ಆಕಳಿಸಬಹುದು, ಗಂಟೆ ಬಾರಿಸುವವರು ಯಾರೂ ಇಲ್ಲ.

ನಮ್ಮದು ಸಮುದ್ರ ಕಾಣದ ಸೀಮೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ನದಿಯ ಹೆಸರೇ ಡೋಣಿ; ಆದರೆ ಅದರಲ್ಲಿ ದೋಣಿ ನಡೆಸಿದವರನ್ನು ನಾನಂತೂ ಕಾಣೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತಿನಲ್ಲಿರುವುದೂ ಎರೆಮಣ್ಣಿನ ಹೆಮ್ಮೆಯೇ ಹೊರತು ನೀರಿನದಲ್ಲ. ಹೀಗಿರುವಾಗ ಸಮುದ್ರಯಾನದ ಅಪಾಯಕ್ಕೆ ಬೆಲೆ ಕಟ್ಟಿದ ಹಳೆಯ ಗ್ರಂಥವೊಂದನ್ನು ನಮ್ಮ ಜನ ದಿನನಿತ್ಯ ಬಳಸುತ್ತ ಬಂದಿದ್ದಾರೆಂದರೆ ನೀವು ನಂಬಲಿಕ್ಕಿಲ್ಲ.

ಆ ಗ್ರಂಥ ಮಿತಾಕ್ಷರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನಷ್ಟೆ. ಆತನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಸಂಸ್ಕೃತ ವ್ಯಾಖ್ಯಾನವಿದು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯನ್ನು ಹಂಚಿದ್ದು ಇದರ ಆಧಾರದ ಮೇಲೆಯೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆಯೂ, 2005ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿಯಲ್ಲಿಯೂ ಮಿತಾಕ್ಷರ ಎಂಬ ಹೆಸರು ಉಳಿದುಕೊಂಡಿದೆ. ಸಿಂದಗಿಯ ಕೋರ್ಟಿನ ಕಟ್ಟೆಯ ಮೇಲೆ ಅಣ್ಣತಮ್ಮಂದಿರ ವಾಟ್ನಿ ದಾವೆಗಾಗಿ ಕುಳಿತ ರೈತನ ಕಿವಿಗೂ ಈ ಹೆಸರು ಒಮ್ಮೆಯಾದರೂ ಬಿದ್ದಿರುತ್ತದೆ. ಹೊಲದ ಬದುವಿನ ಜಗಳಕ್ಕೆ ನಾವು ಕರೆತಂದ ಈ ಗ್ರಂಥ ಹಡಗಿನ ಮಾತನ್ನೂ ಆಡುತ್ತದೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ.

ಸಾಲಕ್ಕೆ ಬಡ್ಡಿ ಎಷ್ಟಿರಬೇಕು ಎಂಬ ಪ್ರಕರಣದಲ್ಲಿ ಅದು ಬರುತ್ತದೆ. ಒತ್ತೆಯಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಅಂದರೆ ನೂರಕ್ಕೆ ಒಂದೂಕಾಲು. ಒತ್ತೆಯಿಲ್ಲದಿದ್ದರೆ ವರ್ಣಾನುಸಾರವಾಗಿ ನೂರಕ್ಕೆ ಎರಡರಿಂದ ಐದು. ಆದರೆ ಕಾಡಿನ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವನು ನೂರಕ್ಕೆ ಹತ್ತು ಕೊಡಬೇಕು. ಸಮುದ್ರಕ್ಕೆ ಇಳಿಯುವವನು ಇಪ್ಪತ್ತು ಕೊಡಬೇಕು. ಕೌಟಿಲ್ಯನ ಅರ್ಥಶಾಸ್ತ್ರವೂ ಕಾಡಿಗೆ ಹತ್ತು, ಸಮುದ್ರಕ್ಕೆ ಇಪ್ಪತ್ತು ಎಂದೇ ಹೇಳುತ್ತದೆ. ವಿಜ್ಞಾನೇಶ್ವರನ ಹೆಚ್ಚಳವಿರುವುದು ಅಂಕಿಯಲ್ಲಲ್ಲ, ಅದಕ್ಕೆ ಆತ ಕೊಡುವ ಕಾರಣದಲ್ಲಿ. ಇಷ್ಟು ಬಡ್ಡಿ ಏಕೆಂದರೆ, ಅಲ್ಲಿ ಅಸಲೇ ನಾಶವಾಗುವ ಶಂಕೆಯಿದೆ ಎನ್ನುತ್ತಾನೆ.

ಒಂದು ಕ್ಷಣ ಈ ಲೆಕ್ಕವನ್ನು ಬಿಡಿಸಿ ನೋಡೋಣ. ನೂರು ನಾಣ್ಯಕ್ಕೆ ಒಂದೂಕಾಲು ಎಂಬುದು ಹಣದ ಬಾಡಿಗೆ. ಇಪ್ಪತ್ತು ಎಂಬುದು ಅದರ ಹದಿನಾರು ಪಟ್ಟು. ಈ ನಡುವಿನ ಹದಿನೆಂಟು ಮುಕ್ಕಾಲು ಯಾವುದರ ಬೆಲೆ? ಅಂಜಿಕೆಯ ಬೆಲೆ. ಹಡಗು ಮುಳುಗಿದರೆ ಸಾಲಗಾರನೂ ಅವನೊಂದಿಗೆ ಸರಕೂ ಹೋಗುತ್ತವೆ. ಕೊಟ್ಟವನು ಯಾರನ್ನು ಕೇಳಬೇಕು? ಆದ್ದರಿಂದ ತಿರುಗಿ ಬಂದ ಹತ್ತು ಹಡಗುಗಳವರು ಕೊಡುವ ಹೆಚ್ಚಿನ ಬಡ್ಡಿಯಲ್ಲಿ, ತಿರುಗಿ ಬಾರದ ಒಂದು ಹಡಗಿನ ನಷ್ಟ ತುಂಬಬೇಕು. ಇಂದಿನ ವಿಮಾ ಕಂಪನಿ ಮಾಡುವುದೂ ಇದನ್ನೇ. ಮನುಸ್ಮೃತಿ ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತದೆ: ಸಮುದ್ರಯಾನದಲ್ಲಿ ನುರಿತವರು, ದೇಶ ಕಾಲ ಲಾಭಗಳನ್ನು ಬಲ್ಲವರು ಗೊತ್ತುಮಾಡಿದ ದರವೇ ಅಲ್ಲಿ ಪ್ರಮಾಣ. ಪ್ರೀಮಿಯಂ ಲೆಕ್ಕ ಹಾಕುವ ತಜ್ಞರ ಕುಲಕ್ಕೆ ಇವರೇ ಮೂಲಪುರುಷರೆಂದು ನಾನು ತಿಳಿಯುತ್ತೇನೆ. ಗ್ರೀಕರಲ್ಲಿ, ರೋಮನರಲ್ಲಿಯೂ ಇಂತಹ ಸಮುದ್ರಸಾಲವಿತ್ತು, ಕ್ರಿ.ಶ. 528ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅದರ ಬಡ್ಡಿಗೆ ವರ್ಷಕ್ಕೆ ನೂರಕ್ಕೆ ಹನ್ನೆರಡೆಂದು ಮಿತಿ ಹಾಕಿದ. ನಮ್ಮವರು ಹಾಕಿದ ದರ ಹೆಚ್ಚೆನಿಸಿದರೆ ಅರಬ್ಬೀ ಸಮುದ್ರದ ಮುಂಗಾರನ್ನು ನೆನೆಯಬೇಕು.

ಇನ್ನೊಂದು ವಿಧಿಯನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಸರಕು ಸಾಗಿಸುವವನು ಅದನ್ನು ಕಳೆದರೆ ಅವನೇ ತೆರಬೇಕು. ಆದರೆ ಆ ನಷ್ಟ ರಾಜನಿಂದಲೋ ದೈವದಿಂದಲೋ ಆದುದಾಗಿರಬಾರದು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಮಗಳು ಕಳಿಸಿದ ಪಾಲಿಸಿಯ ಹಾಳೆಗಳಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ಯುದ್ಧ, ದಂಗೆ, ಸರಕಾರದ ಜಪ್ತಿ ಇವುಗಳಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂದು ಬರೆದಿದೆ. ರಾಜನ ಹೆಸರು ಬದಲಾಗಿದೆ, ಅಷ್ಟೆ.

ವಿಜ್ಞಾನೇಶ್ವರನು ಇದನ್ನು ಬರಿ ಪುಸ್ತಕದ ಮಾತಾಗಿ ಬರೆದನೆಂದು ಹೇಳುವಂತಿಲ್ಲ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಹುನಗುಂದ ತಾಲೂಕು. ಅಲ್ಲಿಯೇ ಐಹೊಳೆ, ಶಾಸನಗಳ ಅಯ್ಯಾವೊಳೆ. ಪಾಠದಲ್ಲಿ ನಾನು ಗುಡಿಗಳನ್ನಷ್ಟೇ ಹೇಳಿ ಮುಗಿಸುತ್ತಿದ್ದೆ, ಅದು ನನ್ನ ತಪ್ಪು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಹೊತ್ತ ಶಾಸನಗಳು ಕನ್ನಡ ನಾಡಿನಿಂದ ತಮಿಳುನಾಡು, ಸಿಂಹಳದವರೆಗೆ ಹರಡಿವೆ. ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿ, ಕರ್ಪೂರಕ್ಕೆ ಹೆಸರಾದ ಬಾರೂಸ್ ಬಂದರಿನ ಬಳಿ, ಶಕವರ್ಷ 1010ರ, ಎಂದರೆ ಕ್ರಿ.ಶ. 1088ರ, ತಮಿಳು ಶಾಸನವೊಂದು ದೊರೆತಿದೆ. ಅದನ್ನು ಹಾಕಿಸಿದವರು ಅದೇ ಐನೂರ್ವರು. ಹಡಗಿನವರು ಸಲ್ಲಿಸಬೇಕಾದ ಚಿನ್ನದ ಕಾಣಿಕೆಯ ಮಾತು ಅದರಲ್ಲಿ ಬರುತ್ತದೆ. 1088 ಎಂದರೆ ಕಲ್ಯಾಣದಲ್ಲಿ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದ ಹನ್ನೆರಡನೆಯ ವರ್ಷ. ಆತನ ಆಶ್ರಯದ ಪಂಡಿತನು ಸಮುದ್ರಗಾಮಿಗೆ ನೂರಕ್ಕೆ ಇಪ್ಪತ್ತು ಎಂದು ವಿವರಿಸಿದ ಕಾಲಕ್ಕೂ, ನೆರೆಯ ಊರಿನ ಹೆಸರು ಹೊತ್ತವರು ಸುಮಾತ್ರಾದಲ್ಲಿ ಕಲ್ಲು ನೆಡಿಸಿದ ಕಾಲಕ್ಕೂ ಅಂತರ ಬಹಳವಿಲ್ಲ. ನಮ್ಮ ಹಡಗು ಸಾಗುವ ಜಲಸಂಧಿಯ ಒಂದು ದಡ ಅದೇ ಸುಮಾತ್ರಾ. ಬಾರೂಸ್ ಇರುವುದು ಅದರ ಆಚೆಯ ಮಗ್ಗುಲಿನಲ್ಲಿ, ನಮಗೆ ಕಾಣಲಾರದು.

ಮುಂದೆ ವಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ತಾಳಿಕೋಟೆ ಎಂದೊಡನೆ ನೀವೆಲ್ಲ 1565 ಎನ್ನುತ್ತೀರಿ. ರಕ್ಕಸಗಿ, ತಂಗಡಗಿ ಎಂದೂ ಹೇಳಿದವರಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತಿದ್ದೆ. ಆದರೆ ಅದೇ ಒಂದನೆಯ ಅಲಿ ಆದಿಲಶಹನು 1570-71ರಲ್ಲಿ ಗೋವೆಯನ್ನು ಮುತ್ತಿ ಗೆಲ್ಲಲಾರದೆ ಹಿಂದಿರುಗಿದನೆಂಬುದನ್ನು ಯಾರೂ ಬರೆಯುತ್ತಿರಲಿಲ್ಲ. ಕೃಷ್ಣೆಯ ದಡದಲ್ಲಿ ವಿಜಯನಗರವನ್ನು ಮುರಿದ ದೊರೆಗೆ ಸಮುದ್ರದ ಮೇಲೆ ಪೋರ್ತುಗೀಜರನ್ನು ಮುರಿಯಲಾಗಲಿಲ್ಲ. ದಾಭೋಳದಂತಹ ಆತನ ಬಂದರುಗಳಿಂದ ಹೊರಡುವ ಹಡಗುಗಳು ಕಾರ್ತಾಜ್ ಎಂಬ ಪೋರ್ತುಗೀಜ್ ರಹದಾರಿಯನ್ನು ಪಡೆಯಬೇಕಾಗಿತ್ತು. ಅದಿಲ್ಲದ ಹಡಗನ್ನು ಅವರು ಹಿಡಿಯುವರು, ಸರಕನ್ನು ದೋಚುವರು. ಕೆಲವರು ಇದನ್ನು ರಕ್ಷಣೆಯ ಶುಲ್ಕವೆಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೊಟ್ಟದ್ದು ಬಿರುಗಾಳಿಯ ಭಯಕ್ಕಲ್ಲ, ಪಡೆದವನ ಭಯಕ್ಕೇ. ಹಡಗು ಮುಳುಗಿದರೆ ಕಾರ್ತಾಜ್ ಬರೆದವನು ಒಂದು ಕಾಸನ್ನೂ ಕೊಡುತ್ತಿರಲಿಲ್ಲ. ಪೇಟೆಯ ಹಫ್ತಾಕ್ಕೂ ವಿಮೆಗೂ ಇರುವ ವ್ಯತ್ಯಾಸವಿದು.

ರಾಜಮನೆತನದವರೂ ಇದರಿಂದ ಹೊರತಾಗಿರಲಿಲ್ಲ. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲಶಹನ ವಿಧವೆ ಬಡೀ ಸಾಹಿಬಾ ಸುಮಾರು 1661ರಲ್ಲಿ ಮಕ್ಕಾ ಯಾತ್ರೆಗೆ ಹೊರಟಾಗ ಡಚ್ಚರ ಹಡಗನ್ನೇರಿದಳು. ಸುಲ್ತಾನನ ತಾಯಿಗೆ ಊರಿನ ಹಡಗುಗಳೇನು ಕಡಿಮೆಯೇ? ಆದರೂ ತೋಪುಗಳಿದ್ದ ಪರದೇಶಿ ಹಡಗೇ ಸುರಕ್ಷಿತವೆನಿಸಿರಬೇಕು. ವಿಮೆಯ ಕಾಗದವಿಲ್ಲದ ಕಾಲದಲ್ಲಿ ಹಡಗಿನ ಆಯ್ಕೆಯೇ ವಿಮೆ.

ಈಗ ಶಬ್ದಕ್ಕೆ ಬರೋಣ. ನಮ್ಮ ಕಡೆ ವಿಮಾ ಎನ್ನುತ್ತೇವೆ, ಮರಾಠಿಯವರಂತೆ. ಹಿಂದಿಯವರು ಬೀಮಾ ಎನ್ನುತ್ತಾರೆ. ಇದರ ಬೇರು ಪಾರಸಿಯ ಬೀಮ್. ಅದರ ಅರ್ಥ ಅಂಜಿಕೆ. 1695ರ ಸುಮಾರಿಗೆ ಸುಜನ್ ರಾಯ್ ಭಂಡಾರಿಯು ಬರೆದ ಖುಲಾಸತ್-ಉತ್-ತವಾರೀಖ್ ಎಂಬ ಪಾರಸಿ ಇತಿಹಾಸದಲ್ಲಿ ಸರಾಫರ ಈ ವ್ಯವಹಾರ ವರ್ಣಿತವಾಗಿದೆ: ದಾರಿಯ ಭಯವುಳ್ಳ ವ್ಯಾಪಾರಿ ತನ್ನ ಸರಕನ್ನು ಸರಾಫನಿಗೆ ಒಪ್ಪಿಸಿ ಶುಲ್ಕ ಕೊಟ್ಟರೆ, ಅವನು ಅದನ್ನು ಗೊತ್ತಾದ ಊರಿನಲ್ಲಿ ಸುರಕ್ಷಿತವಾಗಿ ತಲುಪಿಸುವನು, ಇದಕ್ಕೆ ಬೀಮಾ ಎನ್ನುವರು. ಇದರ ಒಡಹುಟ್ಟು ಜೋಖಮಿ ಹುಂಡಿ. ಸಾಮಾನ್ಯ ಹುಂಡಿಯ ಹಣವನ್ನು ವಾಯಿದೆಗೆ ಸರಿಯಾಗಿ ಕೊಡಲೇಬೇಕು. ಜೋಖಮಿ ಹುಂಡಿಯ ಹಣ ಸಲ್ಲುವುದು ಸರಕು ಹೊತ್ತ ಹಡಗು ಕ್ಷೇಮವಾಗಿ ಮುಟ್ಟಿದರೆ ಮಾತ್ರ. ಮುಳುಗಿದರೆ ಹುಂಡಿ ಕೊಂಡವನ ಹಣ ಹೋಯಿತು, ಬರೆದವನು ಉಳಿದ. ವಿಜ್ಞಾನೇಶ್ವರನ ಸಮುದ್ರಸಾಲವೇ ಕಾಗದದ ರೂಪ ತಾಳಿ ಗುಜರಾತಿನ ಪೇಟೆಗಳಲ್ಲಿ ಓಡಾಡಿತೆನ್ನಬಹುದು. ಯುರೋಪಿನಲ್ಲಿ ಸಾಲವನ್ನೂ ವಿಮೆಯನ್ನೂ ಬಿಡಿಸಿ, ವಿಮೆಯನ್ನಷ್ಟೇ ಕೊಳ್ಳುವ ಪದ್ಧತಿ ಇದಕ್ಕೆ ಮೊದಲೇ ಬಂದಿತ್ತು. ಉಳಿದು ಬಂದ ಅತ್ಯಂತ ಹಳೆಯ ಕರಾರು 1347ರದು, ಇಟಲಿಯ ಜಿನೋವಾ ಪಟ್ಟಣದ್ದು.

ಹಾಗಾದರೆ ಸಮುದ್ರವಿಲ್ಲದ ನಮ್ಮ ಹಿರಿಯರು ಅಂಜಿಕೆಯನ್ನು ಹೇಗೆ ಹಂಚಿಕೊಂಡರು? ಅವರ ಅಂಜಿಕೆ ನೀರಿನದಲ್ಲ, ನೀರಿಲ್ಲದ್ದರದು. ಅದಕ್ಕೆ ಉಪಾಯ ಹಗೇವು. ಮನೆಯ ಮುಂದೆಯೋ ಓಣಿಯಲ್ಲಿಯೋ ನೆಲವನ್ನು ಆಳಕ್ಕೆ ಅಗೆದು, ಒಳಗೆ ಹುಲ್ಲು ಹಾಸಿ, ಬಿಳಿಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಬಡಿಯುತ್ತಿದ್ದರು. ಹಗೇವಿಗೆ ಇಳಿಯುವ ಮೊದಲು ಒಳಗಿನ ಕೆಟ್ಟಗಾಳಿ ಹೋಗಲೆಂದು ಬಾಯಿ ತೆರೆದು ಕಾಯುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಒಬ್ಬನ ಹಗೇವು ಬರಿದಾದರೆ ಇನ್ನೊಬ್ಬನದು ತೆರೆಯುವುದು, ಮುಂದಿನ ಸುಗ್ಗಿಗೆ ಅಳೆದು ತಿರುಗಿಸುವುದು, ಇದು ಒಪ್ಪಂದ. ಆದರೆ 1876-78ರ ಬರದಲ್ಲಿ ಈ ಒಪ್ಪಂದ ಮುರಿದುಬಿತ್ತು. ಅಂದು ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಸೀಮೆ 1872ರ ಮತ್ತು 1881ರ ಜನಗಣತಿಗಳ ನಡುವೆ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಕಳೆದುಕೊಂಡಿತು. ಸತ್ತವರೆಷ್ಟೋ, ಗುಳೆ ಹೋಗಿ ತಿರುಗಿ ಬಾರದವರೆಷ್ಟೋ.

ಹಗೇವು ಸೋತದ್ದೇಕೆ ಎಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಐನೂರ್ವರ ಹತ್ತು ಹಡಗುಗಳು ಹತ್ತು ದಿಕ್ಕಿಗೆ ಹೋಗುತ್ತಿದ್ದವು. ಎಲ್ಲವೂ ಒಂದೇ ಗಾಳಿಗೆ ಸಿಕ್ಕುತ್ತಿರಲಿಲ್ಲ. ಇಂಡಿಯ ಹಗೇವು, ಸಿಂದಗಿಯ ಹಗೇವು, ಬಾಗೇವಾಡಿಯ ಹಗೇವು ಮಾತ್ರ ಒಂದೇ ಮೋಡವನ್ನು ನಂಬಿದ್ದವು. ಎಲ್ಲರಿಗೂ ಒಂದೇ ವರ್ಷ ನಷ್ಟವಾದರೆ ಯಾರು ಯಾರಿಗೆ ತುಂಬಿಕೊಡಬೇಕು? ನಷ್ಟ ಕಾಣದವನು ಎಲ್ಲೋ ದೂರದಲ್ಲಿದ್ದು, ಅವನ ಕಾಳು ನಮ್ಮವರೆಗೆ ಬರುವ ದಾರಿಯೂ ಇರಬೇಕು. ಬರ ಕಳೆದ ಮೇಲೆ, 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೇಲ್ವೆ ಹೋಟಗಿಯಿಂದ ಗದಗಿಗೆ ಹಾಕಿದ ಹಳಿ 1884ರಲ್ಲಿ ತೆರೆಯಿತು. ಬರ ನಿವಾರಣೆಯೇ ಅದರ ಮುಖ್ಯ ಉದ್ದೇಶಗಳಲ್ಲೊಂದು. ಇಂಡಿ ರೋಡ್, ಲಚ್ಯಾಣ, ಮಿಂಚನಾಳ ಎಂದು ನೀವು ನಿಲ್ದಾಣಗಳನ್ನು ಎಣಿಸುತ್ತ ಹೋದ ಆ ಗಾಡಿ ಹುಟ್ಟಿದ್ದು ಹಗೇವಿನ ಸೋಲಿನಿಂದ. ಇಂದು ನಮ್ಮ ಊರುಗಳಲ್ಲಿ ವಿಮಾ ಎಂದರೆ ಬೆಳೆವಿಮೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹಿಂಗಾರಿ ಜೋಳಕ್ಕೆ ರೈತನ ಪಾಲಿನ ಕಂತು ನೂರಕ್ಕೆ ಒಂದೂವರೆ, ಮುಂಗಾರಿಗೆ ಎರಡು. ಉಳಿದದ್ದನ್ನು ಸರಕಾರಗಳು ತುಂಬುತ್ತವೆ. ಪರಿಹಾರ ಬಂತು, ಬರಲಿಲ್ಲ ಎಂಬ ಚರ್ಚೆ ಚಹಾದಂಗಡಿಯಲ್ಲಿ ಸದಾ ಇದ್ದದ್ದೇ. ಅದನ್ನು ಇಲ್ಲಿ ತರುವುದಿಲ್ಲ.

ನನ್ನಂತಹ ಸರಕಾರಿ ನೌಕರರಿಗೆ ವಿಮೆಯ ಪರಿಚಯವಾದದ್ದು ಪಗಾರದ ಚೀಟಿಯಲ್ಲಿ. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗಾಗಿ ಆರಂಭಿಸಿದ ವಿಮೆಯೇ ಇಂದಿನ ಕೆ.ಜಿ.ಐ.ಡಿ. ಪ್ರತಿ ತಿಂಗಳೂ ಅದಕ್ಕೆ ಕಡಿತವಾಗುತ್ತಿತ್ತು; ಬೇಕೋ ಬೇಡವೋ ಎಂದು ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದಲೇ ಇರಬೇಕು, ಆಯ್ಕೆ ನನ್ನದೇ ಆದಾಗ ಇಷ್ಟು ತಡವರಿಸಿದ್ದು.

ಶ್ರೀಶೈಲದ ಮಾತಿಗೆ ಬರುತ್ತೇನೆ. ಮನೆಯವಳು ಹೇಳಿದ್ದು ಸುಳ್ಳಲ್ಲ. ಯುಗಾದಿಯ ಮುಂಚೆ ನಮ್ಮ ಜಿಲ್ಲೆಯಿಂದ ಸಾವಿರಾರು ಜನ ಕಂಬಿ ಹೊತ್ತು ಮಲ್ಲಯ್ಯನ ಕಡೆ ನಡೆಯುತ್ತಾರೆ. ಕೊನೆಯ ಹಾದಿ ನಲ್ಲಮಲದ ಕಾಡು, ವಿಜ್ಞಾನೇಶ್ವರನ ಭಾಷೆಯಲ್ಲಿ ಕಾಂತಾರ. ನಾವು ನಡೆದ ವರ್ಷ ನಮ್ಮ ತಂಡದಲ್ಲಿ ಒಬ್ಬ ಮುದುಕನ ಕಾಲು ಬೊಬ್ಬೆಯೆದ್ದು ಬಾತುಹೋಯಿತು. ಇಬ್ಬರು ಹುಡುಗರು ಸರದಿಯಂತೆ ಅವನ ಗಂಟನ್ನು ಹೊತ್ತರು, ಊರೂರಿನ ದಾಸೋಹದಲ್ಲಿ ರೊಟ್ಟಿ ಸಿಕ್ಕಿತು, ಯಾರೋ ಎಣ್ಣೆ ಕಾಯಿಸಿ ತಂದರು. ವಿಮೆ ಇರಲಿಲ್ಲವೆಂದು ಹೇಗೆ ಹೇಳುವುದು? ಜೊತೆಗೆ ನಡೆದ ನೂರು ಜನರೇ ವಿಮೆ. ಹಿಂದೆ ಕಾಶಿಗೆ ಹೋಗುವವರು ಸಾಲ ತೀರಿಸಿ, ಕೊಡುವುದು ತರುವುದನ್ನು ಮಕ್ಕಳಿಗೆ ಹೇಳಿ, ತಿರುಗಿ ಬಾರದವರಂತೆ ಎಲ್ಲರ ಕಾಲು ಮುಟ್ಟಿ ಹೊರಡುತ್ತಿದ್ದರು. ಅದೂ ಒಂದು ಬಗೆಯ ಸಿದ್ಧತೆಯೇ. ದೇವರ ಮೇಲೆ ಭಾರ ಹಾಕಿದವರು ಲೆಕ್ಕವನ್ನು ಮಾತ್ರ ದೇವರಿಗೆ ಬಿಟ್ಟು ಹೋಗುತ್ತಿರಲಿಲ್ಲ.

ವಿಹಾರದ ಹಡಗಿನಲ್ಲಿ ಎರಡು ಮೂರು ಸಾವಿರ ಜನರಿರುತ್ತಾರೆ, ಆದರೆ ಅವರು ನಮ್ಮ ಕಂಬಿಯ ತಂಡವಲ್ಲ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗನ್ನು ಕೋವಿಡ್ ಕಾರಣ ತಡೆದು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. 3,711 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಅದರಲ್ಲಿದ್ದ 138 ಭಾರತೀಯರ ಪೈಕಿ 132 ಜನ ಹಡಗಿನ ಕೆಲಸಗಾರರು, ಕಾರವಾರದ ಯುವಕನೊಬ್ಬನೂ ಅವರಲ್ಲಿದ್ದ. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಸಾಂಕ್ರಾಮಿಕ ರೋಗ ದಿನಾಲೂ ಬರುವುದಿಲ್ಲ ನಿಜ. ಆದರೆ ನಮ್ಮ ವಯಸ್ಸಿನವರು ಹಡಗಿನ ಮೆಟ್ಟಿಲಲ್ಲಿ ಜಾರಿ ಬೀಳಲು ಸಾಂಕ್ರಾಮಿಕ ಬೇಕಿಲ್ಲ. ಹಡಗಿನ ದವಾಖಾನೆ ಧರ್ಮಾರ್ಥವಲ್ಲ. ವೈದ್ಯರ ಬಿಲ್ಲು ನೇರವಾಗಿ ನಮ್ಮ ಖಾತೆಗೆ ಸೇರುತ್ತದೆ. ನಾವು ಊರಿನಲ್ಲಿ ಮಾಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಆಸ್ಪತ್ರೆಗೆ ಮಾತ್ರ. ನಡುಸಮುದ್ರದಿಂದ ರೋಗಿಯನ್ನು ದಡಕ್ಕೆ ಸಾಗಿಸಬೇಕಾದರೆ ಆಗುವ ವೆಚ್ಚವನ್ನು ಕೇಳಿದರೆ ಒಬ್ಬ ನಿವೃತ್ತ ಮಾಸ್ತರನ ನಿವೃತ್ತಿ ವೇತನ ನಗುತ್ತದೆ. ಆ ವೆಚ್ಚದ ಎದುರಿಗೆ ಕಂತಿನ ಹಣ ಅತ್ಯಲ್ಪ. ಇಷ್ಟು ತಿಳಿದ ಮೇಲೆ ನಿರ್ಧಾರ ಸುಲಭವಾಗಬೇಕಿತ್ತು.

ಆಗಲಿಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಮೊದಲೇ ಇರುವ ಕಾಯಿಲೆಗಳೇನು?

ಈ ಪ್ರಶ್ನೆಗೂ ಒಂದು ಇತಿಹಾಸವಿದೆ, ಅದೂ ಸುಮಾತ್ರಾದ್ದೇ. ಅಲ್ಲಿಯ ಬೆಂಕುಲೆನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫೋರ್ಟ್ ಮಾರ್ಲ್‌ಬರೋ ಎಂಬ ಕೋಟೆಯಿತ್ತು. ಅದರ ಗವರ್ನರ್ ಕಾರ್ಟರ್, ಕೋಟೆ ಶತ್ರುಗಳ ವಶವಾದರೆ ತನಗಾಗುವ ನಷ್ಟಕ್ಕೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದರು. ವಿಮೆ ಬರೆದುಕೊಟ್ಟಿದ್ದ ಬೋಮ್, ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟಿರೆಂದು ಹೇಳಿ ಹಣ ಕೊಡಲು ಒಪ್ಪಲಿಲ್ಲ. 1766ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ವಿಮೆ ಎಂಬುದು ಪರಮ ವಿಶ್ವಾಸದ ಕರಾರು, ಒಬ್ಬನಿಗೆ ಮಾತ್ರ ತಿಳಿದ ಸಂಗತಿಯನ್ನು ಅವನು ಇನ್ನೊಬ್ಬನಿಂದ ಮುಚ್ಚಿಡಬಾರದು ಎಂಬ ತತ್ವವನ್ನು ಸ್ಥಾಪಿಸಿದ. ಮೊಕದ್ದಮೆಯಲ್ಲಿ ಗೆದ್ದವನು ಕಾರ್ಟರನೇ; ಅಂತಹ ಕೋಟೆಯ ಸ್ಥಿತಿ ಹೇಗಿರುತ್ತದೆಂಬುದನ್ನು ವಿಮೆ ಬರೆದವನೂ ಊಹಿಸಬಹುದಿತ್ತೆಂದು ನ್ಯಾಯಾಲಯ ಹೇಳಿತು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಆ ತತ್ವವನ್ನು. ಕಾಯಿಲೆಯನ್ನು ಹೇಳಿರೆಂದು ಇಂದಿನ ಅರ್ಜಿ ಕೇಳುವುದು ಅದರ ಬಲದಿಂದಲೇ. ನನ್ನ ಸಹೋದ್ಯೋಗಿಯೊಬ್ಬರು ಸಕ್ಕರೆ ರೋಗವನ್ನು ಬರೆಯದೆ ಬಿಟ್ಟು, ಆಸ್ಪತ್ರೆಯ ಬಿಲ್ಲು ಬಂದಾಗ ಕ್ಲೇಮು ತಿರಸ್ಕೃತವಾಗಿ, ಹೊಲದ ಒಂದು ತುಂಡನ್ನು ಮಾರಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಕಾಡಿಗೆ ಹೋಗುವವನು ಕಾಡಿಗೆ ಎನ್ನಬೇಕು, ಸಮುದ್ರಕ್ಕೆ ಹೋಗುವವನು ಸಮುದ್ರಕ್ಕೆ ಎನ್ನಬೇಕು. ವಿಜ್ಞಾನೇಶ್ವರನ ದರಪಟ್ಟಿಯೂ ನಿಂತಿರುವುದು ಈ ನಿಜದ ಮೇಲೆಯೇ. ಊರಲ್ಲೇ ಇರುತ್ತೇನೆಂದು ಒಂದೂಕಾಲಕ್ಕೆ ಸಾಲ ತಂದು ಕದ್ದು ಹಡಗು ಹತ್ತಿದರೆ ಅದು ಬರಿ ಬಡ್ಡಿಯ ಉಳಿತಾಯವಲ್ಲ.

ನಾನು ಮೂರು ವರ್ಷಗಳಿಂದ ಹೃದಯದ ಬಡಿತ ತಪ್ಪುವುದಕ್ಕೆ ಮಾತ್ರೆ ನುಂಗುತ್ತಿದ್ದೇನೆ. ಇದು ಮನೆಯವಳಿಗೆ ಗೊತ್ತು, ವಿಜಾಪುರದ ವೈದ್ಯರಿಗೆ ಗೊತ್ತು. ಮಗಳಿಗೆ ಗೊತ್ತಿರಲಿಲ್ಲ. ದೂರದಲ್ಲಿದ್ದವಳು ಏಕೆ ಹೆದರಬೇಕೆಂದು ಹೇಳಿರಲಿಲ್ಲ. ಹೇಳಿದರೆ ಊರು ಬಿಟ್ಟು ಬಾ ಎನ್ನುವಳೆಂಬ ಹೆದರಿಕೆ ನನಗೂ ಇತ್ತು. ಅರ್ಜಿ ತುಂಬುವವಳು ಅವಳೇ. ವಿಮೆ ಬೇಡವೆಂದರೆ ಈ ಪ್ರಶ್ನೆಯೇ ಇಲ್ಲ. ಇಷ್ಟು ದಿನ ನಾನು ತಡವರಿಸಿದ್ದು ಹಣದ ಲೆಕ್ಕಕ್ಕಲ್ಲವೆಂಬುದು ನಿಮಗೀಗ ತಿಳಿದಿರಬೇಕು. ಈ ಲೇಖನವನ್ನು ಓದುವ ನಮ್ಮ ಬಂಧುಗಳಲ್ಲಿ ಅನೇಕರಿಗೂ ಇದು ಹೊಸ ಸುದ್ದಿಯೇ. ದಯವಿಟ್ಟು ಗಾಬರಿಯಾಗಿ ಫೋನು ಮಾಡಬೇಡಿ, ಆರಾಮವಾಗಿದ್ದೇನೆ.

ಕಳೆದ ರವಿವಾರ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಸಂಪರ್ಕ ಹೋಯಿತೆಂದು ಎರಡು ಸಲ "ಹಲೋ" ಅಂದೆ. ಆಮೇಲೆ ಅವಳು, "ಮಾತ್ರೆ ಹೆಸರೇನು, ಎಷ್ಟು ಮಿಲಿಗ್ರಾಂ, ಓದಿ ಹೇಳ್ರಿ ಅಪ್ಪಾಜಿ" ಅಂದಳು. ನಾನು ಪೊಟ್ಟಣ ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಓದಿದೆ. ಅವಳು ಬರೆದುಕೊಂಡಳು. ಕಂತು ಮೊದಲು ಹೇಳಿದ್ದಕ್ಕಿಂತ ಹೆಚ್ಚಾಯಿತು. ಹೃದಯದ ವಿಷಯದಲ್ಲಿ ಪ್ರಾಣಾಪಾಯದ ತುರ್ತು ಚಿಕಿತ್ಸೆಗೆ ಮಾತ್ರ ಪರಿಹಾರವೆಂದೂ, ಉಳಿದ ಚಿಕಿತ್ಸೆಗೆ ಇಲ್ಲವೆಂದೂ ಷರತ್ತು ಬಂತು. ಇರಲಿ ಎಂದು ಒಪ್ಪಿದೆವು. ಪಾಲಿಸಿಯ ಪ್ರತಿ ನಿನ್ನೆ ಬಂದಿದೆ. ಎರಡು ಪ್ರತಿ ಮಾಡಿಸಿ ಒಂದನ್ನು ಮನೆಯವಳ ಚೀಲದಲ್ಲಿ, ಇನ್ನೊಂದನ್ನು ನನ್ನ ಜುಬ್ಬಾದ ಕಿಸೆಯಲ್ಲಿ ಇಟ್ಟಿದ್ದೇವೆ. ಅವಳು ಅದರೊಳಗೆ ಶ್ರೀಶೈಲದ ಭಸ್ಮದ ಚೀಟಿಯನ್ನೂ ಮಡಿಚಿಟ್ಟಿದ್ದಾಳೆ. ಬರುವ ತಿಂಗಳು ಹೊರಡುತ್ತೇವೆ.